ಬನ್ನಿಮರದ ಕೆಳಗಿನ ಪಾಠ

(ಮಕ್ಕಳು ಮತ್ತು ಬಂದೂಕು ಎಂಬ ವಿಷಯವಾಗಿ ಬೀದರ್, ಭಾಲ್ಕಿ, ಔರಾದ್‌ಗಳಲ್ಲಿ ಮೂರು ಸಂಜೆ ನೀಡಿದ ದತ್ತಿ ಉಪನ್ಯಾಸದ ಕ್ರೋಡೀಕೃತ ಪಾಠ)



ಮಕ್ಕಳ ಶಿಕ್ಷಣಕ್ಕೆ ಸಂಬಂಧಿಸಿದ ಒಂದು ವಿಷಯವನ್ನು ಕುರಿತು ವರ್ಷಕ್ಕೊಮ್ಮೆ ಉಪನ್ಯಾಸ ನಡೆಯತಕ್ಕದ್ದೆಂದು ಈ ದತ್ತಿಯ ಪತ್ರದಲ್ಲಿ ಬರೆದಿದೆಯಂತೆ. ನಾನು ಆರಿಸಿಕೊಂಡ ವಿಷಯವನ್ನು ದೂರವಾಣಿಯಲ್ಲಿ ತಿಳಿಸಿದಾಗ ಸಂಚಾಲಕರು ಒಂದು ಗಳಿಗೆ ಸುಮ್ಮನಿದ್ದು, ಬಳಿಕ ಬಹು ವಿನಯದಿಂದ, "ಸರ್, ಅದರ ಬದಲಿ ವಚನದ ಮ್ಯಾಲ ಏನಾರ ಹೇಳಿದ್ರ ಹ್ಯಾಂಗ?" ಎಂದು ಕೇಳಿದರು. ಅವರ ಸಂಕೋಚವನ್ನು ನಾನು ಅಲ್ಲಗಳೆಯಲಾರೆ. 1948ರಲ್ಲಿ ನಿಜಾಮನ ಪರ ನಿಂತ ರಜಾಕಾರರ ಹಾವಳಿಯನ್ನು ಕಣ್ಣಾರೆ ಕಂಡ, ಗೋರ್ಟಾ ಗ್ರಾಮದ ಹತ್ಯಾಕಾಂಡದ ಸುದ್ದಿಯನ್ನು ಕಿವಿಯಾರೆ ಕೇಳಿದ ಅಜ್ಜ ಅಜ್ಜಿಯರು, ಬಂದೂಕೆಂಬ ಶಬ್ದ ಕಿವಿಗೆ ಬಿದ್ದೊಡನೆ ಮಾತನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದ ನಾಡು ನಮ್ಮದು. ಆ ಮೌನಕ್ಕೆ ಕಾರಣವಿತ್ತು, ಗೌರವವೂ ಇತ್ತು. ಆದರೆ ದೊಡ್ಡವರು ಮೌನವಾಗಿದ್ದರೆಂಬ ಮಾತ್ರಕ್ಕೆ ಮಕ್ಕಳು ಬಂದೂಕನ್ನು ಅರಿಯದೆ ಉಳಿಯುತ್ತಾರೆಯೆ ಎಂಬುದೇ ಇಂದಿನ ನನ್ನ ಪ್ರಶ್ನೆ.

ಜಾತ್ರೆಯಿಂದಲೇ ಮೊದಲು ಮಾಡೋಣ. ಔರಾದಿನ ಅಮರೇಶ್ವರನ ಜಾತ್ರೆಗೆ ಹೋದವರೆಲ್ಲ ಬಲೂನು ಹೊಡೆಯುವ ಅಂಗಡಿಯ ಮುಂದೆ ಒಮ್ಮೆಯಾದರೂ ನಿಂತಿರುತ್ತೀರಿ. ಹಲಗೆಯ ಮೇಲೆ ಸಾಲಾಗಿ ಕಟ್ಟಿದ ಬಣ್ಣಬಣ್ಣದ ಬಲೂನುಗಳು, ಅಡ್ಡಕ್ಕೆ ಒಂದು ಮೇಜು, ಮೇಜಿನ ಮೇಲೆ ಹಿಡಿ ಸವೆದ ಎರಡು ಛರ್ರೆಯ ಬಂದೂಕು. ಕಳೆದ ಸಲ ಅಲ್ಲಿ ನಾನು ಕಂಡ ಒಂದು ದೃಶ್ಯವನ್ನು ಹೇಳುತ್ತೇನೆ. ಆರೇಳು ವರ್ಷದ ಹುಡುಗನೊಬ್ಬನು ಎರಡು ಸಲ ಗುರಿ ತಪ್ಪಿದನು, ಸುತ್ತಲಿದ್ದವರೆಲ್ಲ ನಕ್ಕರು; ಮೂರನೆಯ ಸಲ ಬಲೂನು ಒಡೆಯಿತು, ಹುಡುಗನು ಹಿಗ್ಗಿ, ಬಂದೂಕನ್ನು ಹಿಡಿದುಕೊಂಡೇ, ಅಪ್ಪನಿಗೆ ತೋರಿಸಲೆಂದು ಗರಕ್ಕನೆ ತಿರುಗಿದನು. ಆ ನಳಿಗೆಯ ಮೂತಿ ಅಂಗಡಿಯವನ ಎದೆಯನ್ನೂ, ಬಳೆ ಕೊಳ್ಳುತ್ತಿದ್ದ ಹೆಂಗಸರ ಬೆನ್ನನ್ನೂ, ತಂಗಿಯ ಮುಖವನ್ನೂ ಹಾದು ಅಪ್ಪನ ಮುಂದೆ ಬಂದು ನಿಂತಿತು. ಅಪ್ಪನು ಮೊಬೈಲಿನಲ್ಲಿ ಪಟ ತೆಗೆದನು. ಗುರಿ ತಪ್ಪಿದಾಗ ನಕ್ಕ ಜನರಲ್ಲಿ ಒಬ್ಬರೂ ಆ ತಿರುಗುವಿಕೆಯನ್ನು ತಪ್ಪೆಂದು ಗುರುತಿಸಲಿಲ್ಲ. ಬಲೂನನ್ನು ಒಡೆಯುವ ಸೀಸದ ಛರ್ರೆ ಕಣ್ಣುಗುಡ್ಡೆಯನ್ನೂ ಒಡೆಯಬಲ್ಲುದೆಂಬುದು ಯಾರಿಗೂ ಹೊಳೆಯಲಿಲ್ಲ. ಮಗುವು ಆ ದಿನ ಮೊದಲ ಪಾಠವನ್ನು ಕಲಿತೇ ಕಲಿಯಿತು. ಕಲಿತದ್ದು ಮಾತ್ರ ತಲೆಕೆಳಗಾದ ಪಾಠ.

ಜಾತ್ರೆ ವರ್ಷಕ್ಕೊಮ್ಮೆ. ದೀಪಾವಳಿಯ ಟಿಕಳಿ ಪಿಸ್ತೂಲು, ಮೊಬೈಲಿನ ಆಟ, ಚಲನಚಿತ್ರದ ನಾಯಕನ ಕೈಯ ರಿವಾಲ್ವರು, ಇವು ನಿತ್ಯದ ಗುರುಗಳು. 2025ರ ಜನವರಿ 16ರಂದು ಇದೇ ಬೀದರ್ ನಗರದಲ್ಲಿ, ಹಾಡಹಗಲಲ್ಲಿ, ಎ.ಟಿ.ಎಂ.ಗೆ ಹಣ ಒಯ್ಯುವ ವಾಹನದವರ ಮೇಲೆ ದರೋಡೆಕೋರರು ಗುಂಡು ಹಾರಿಸಿ ಹಣದ ಪೆಟ್ಟಿಗೆಯೊಡನೆ ಪರಾರಿಯಾದರಲ್ಲವೆ? ಪ್ರಾಣಹಾನಿಯಾದ ಆ ಘಟನೆಯ ಚಿತ್ರಗಳನ್ನು ನಮ್ಮ ಮಕ್ಕಳೂ ನಮ್ಮೊಡನೆ ಕುಳಿತೇ ನೋಡಿದರು. ಆದ್ದರಿಂದ ಮಕ್ಕಳಿಗೆ ಬಂದೂಕಿನ ಪರಿಚಯ ಬೇಕೆ ಬೇಡವೆ ಎಂಬ ವಾದವು ಕಾಲ ಮೀರಿದ ವಾದ. ಪರಿಚಯ ಆಗಿಹೋಗಿದೆ, ಪರಿಚಯ ಮಾಡಿಸಿದವರು ಯಾರು ಎಂಬುದಷ್ಟೇ ಉಳಿದಿರುವ ಮಾತು.

ಇಲ್ಲಿ ನನ್ನ ಬಾಲ್ಯದ ಒಂದು ಸಂಗತಿಯನ್ನು ನಿವೇದಿಸಬೇಕು. ಭಾಲ್ಕಿ ತಾಲೂಕಿನ ಹಳ್ಳಿಯೊಂದರಲ್ಲಿ ನನ್ನ ಸೋದರಮಾವನ ಮನೆ. ಜೋಳದ ಹೊಲಕ್ಕೆ ಬೀಳುತ್ತಿದ್ದ ಹಂದಿಗಳನ್ನು ಬೆದರಿಸುವುದಕ್ಕೆಂದು ಲೈಸೆನ್ಸು ಪಡೆದ, ಮದ್ದನ್ನು ಮೂತಿಯಿಂದ ತುಂಬುವ ಟೋಪಿ ಬಂದೂಕೊಂದು ಪಡಸಾಲೆಯ ಗೂಟಕ್ಕೆ ತೂಗುತ್ತಿತ್ತು. ನನಗಾಗ ಒಂಬತ್ತು ವರ್ಷ, ಮಾವನ ಮಗನಿಗೆ ಹತ್ತು. ಮುಟ್ಟಲೇ ಎಂದು ಅವನು ಕೇಳಿದ್ದಕ್ಕೆ ಮಾವನು ಅಡಕೆ ಕತ್ತರಿಸುತ್ತಲೇ, "ಖಾಲಿ ಅದ ತಗೋಪಾ" ಎಂದನು. ಹುಡುಗನು ನಮ್ಮ ಕಡೆ ಘೋಡಾ ಎನ್ನುವ ಆ ಕೊಕ್ಕೆಯನ್ನು ಎಳೆದನು. ಹಿಂದಿನ ರಾತ್ರಿ ತುಂಬಿದ್ದ ಮದ್ದು ನಳಿಗೆಯಲ್ಲಿಯೇ ಇತ್ತು. ಗುಂಡು ಜಂತಿಗೆ ಹೊಕ್ಕು, ಮಾಳಿಗೆಯ ಮಣ್ಣು ಅತ್ತೆ ತಟ್ಟುತ್ತಿದ್ದ ರೊಟ್ಟಿಯ ಮೇಲೆ ಸುರಿಯಿತು. ನಳಿಗೆಯು ಒಂದು ಮೊಳ ಕೆಳಗಿದ್ದಿದ್ದರೆ ಈ ಉಪನ್ಯಾಸವನ್ನು ಮಾಡಲು ನಾನಿರುತ್ತಿರಲಿಲ್ಲ. ಮಾವನು ನಮ್ಮನ್ನು ಹೊಡೆಯಲಿಲ್ಲ, ಬಯ್ಯಲಿಲ್ಲ. ತನ್ನ ಕೆನ್ನೆಗೆ ತಾನೇ ಎರಡು ಸಲ ಹೊಡೆದುಕೊಂಡು, ಬಂದೂಕನ್ನು ಒಳಗಿಟ್ಟು, ಅಂದು ಊಟ ಮಾಡದೆ ಮಲಗಿದನು. ಮರುದಿನ ಬೆಳಿಗ್ಗೆ ನಮ್ಮಿಬ್ಬರನ್ನೂ ಕರೆದು ಕೂಡ್ರಿಸಿಕೊಂಡು, ಮದ್ದು ಜಡಿಯುವ ಗಜವನ್ನು ನಳಿಗೆಯೊಳಗಿಳಿಸಿ, ಖಾಲಿಯಿದ್ದಾಗ ಅದು ಎಲ್ಲಿಯತನಕ ಇಳಿಯುತ್ತದೆ, ತುಂಬಿದ್ದಾಗ ಎಷ್ಟು ಬೆರಳು ಮೇಲೆ ನಿಲ್ಲುತ್ತದೆಂಬುದನ್ನು ತೋರಿಸಿ, "ಖಾಲಿ ಅದ ಅಂತ ಯಾರ ಹೇಳಿದ್ರೂ ನಂಬಬ್ಯಾಡ್ರಿ; ನಾ ಹೇಳಿದ್ರೂ ನಂಬಬ್ಯಾಡ್ರಿ" ಎಂದನು. ಬಂದೂಕಿನ ವಿಷಯದಲ್ಲಿ ನಾನು ಮುಂದೆ ಕೇಳಿದ, ಓದಿದ ಉಪದೇಶಗಳೆಲ್ಲ ಆ ಒಂದು ವಾಕ್ಯದ ವ್ಯಾಖ್ಯಾನಗಳೆಂದೇ ನನಗೆ ತೋರುತ್ತದೆ.

ಅನವಧಾನದ ಈ ಪಾಠವನ್ನು ಬೀದರಿನ ಕಲ್ಲುಗಳೂ ಹೇಳುತ್ತವೆ. 1657ರಲ್ಲಿ ಮೊಗಲ ರಾಜಕುಮಾರ ಔರಂಗಜೇಬನು ಇಲ್ಲಿಯ ಕೋಟೆಯನ್ನು ಮುತ್ತಿದಾಗ, ಬಿಜಾಪುರದ ಆದಿಲಶಾಹಿಯ ಪರವಾಗಿ ಕೋಟೆಯನ್ನು ಕಾಯುತ್ತಿದ್ದವನು ಸಿದ್ದಿ ಮರ್ಜಾನ್ ಎಂಬ ವೃದ್ಧ ವೀರ. ಬುರುಜಿನ ಬಳಿ ಕೂಡಿಟ್ಟಿದ್ದ ಮದ್ದಿನ ಮೇಲೆ ಬೆಂಕಿ ಬಿದ್ದು, ಅದು ಒಮ್ಮೆಲೇ ಸಿಡಿದು, ಅವನೂ ಅವನ ಇಬ್ಬರು ಮಕ್ಕಳೂ ಸುಟ್ಟ ಗಾಯಗಳಿಂದ ನೆಲಕ್ಕುರುಳಿದರು. ಸುಮಾರು ನಾಲ್ಕು ವಾರ ಮುತ್ತಿಗೆಯನ್ನು ತಾಳಿದ ಕೋಟೆಯು ಅಲ್ಲಿಗೆ ಕೈಬಿಟ್ಟುಹೋಯಿತು. ಶತ್ರುವಿಗಾಗಿ ಇಟ್ಟ ಮದ್ದು ಮನೆಯವರನ್ನೇ ಮೊದಲು ಕೊಂಡಿತು. ಇದಕ್ಕಿಂತಲೂ ಮನಸ್ಸನ್ನು ಕಲಕುವುದು ಬಹಮನಿ ಮಂತ್ರಿ ಮಹಮೂದ್ ಗವಾನನ ಮದರಸಾ. 1472ರಲ್ಲಿ ಕಟ್ಟಿದ, ದೂರದೇಶಗಳ ವಿದ್ವಾಂಸರನ್ನು ಬರಮಾಡಿಕೊಂಡ, ಮೂರು ಅಂತಸ್ತಿನ ಆ ವಿದ್ಯಾಮಂದಿರದ ಕೋಣೆಗಳಲ್ಲಿ ಮೊಗಲರ ಕಾಲದಲ್ಲಿ ಮದ್ದನ್ನು ತುಂಬಿಟ್ಟಿದ್ದರು. 1696ರಲ್ಲಿ ಅದು ಸ್ಫೋಟಿಸಿತು. ಸಿಡಿಲು ಬಡಿಯಿತೆಂದು ಕೆಲವರೂ, ಆಕಸ್ಮಿಕವಾಗಿ ಕಿಡಿ ತಾಗಿತೆಂದು ಕೆಲವರೂ ಹೇಳುತ್ತಾರೆ. ಎರಡು ಮಿನಾರುಗಳಲ್ಲಿ ಒಂದು ಬಿದ್ದುಹೋಗಿ, ಮುಂಭಾಗದ ಅರ್ಧವು ಅಳಿದು, ಉಳಿದೊಂದು ಮಿನಾರು ಇಂದಿಗೂ ಒಂಟಿಯಾಗಿ ನಿಂತಿದೆ. ಶಾಲೆಯ ಮಕ್ಕಳನ್ನು ಅಲ್ಲಿಗೆ ಪ್ರವಾಸಕ್ಕೆ ಕರೆದೊಯ್ಯುವ ಉಪಾಧ್ಯಾಯರು ಹೆಂಚುಗಳ ನೀಲಿ ಬಣ್ಣವನ್ನು ತೋರಿಸುವಂತೆ, ಇಲ್ಲದ ಮಿನಾರನ್ನೂ ತೋರಿಸಬೇಕೆಂದು ನನ್ನ ಕೋರಿಕೆ. ಕಿಡಿ ಮೇಲಿನಿಂದ ಬಂದಿತೋ ಕೈಯಿಂದ ಬಂದಿತೋ, ಮದ್ದನ್ನು ಓದುವ ಕೋಣೆಯಲ್ಲಿ ಇಟ್ಟವರು ಮನುಷ್ಯರೇ.

ಹಾಗಾದರೆ ಪರಿಚಯವನ್ನು ಮಾಡಿಸುವ ಸರಿಯಾದ ಬಗೆ ಯಾವುದು? ಇದಕ್ಕೆ ನಮ್ಮ ಪುರಾಣದಲ್ಲಿಯೇ ಒಂದು ನಿದರ್ಶನವಿದೆ. ಅದು ನಾವೆಲ್ಲರೂ ನಗುತ್ತ ಕೇಳುವ ಉತ್ತರಕುಮಾರನ ಪ್ರಸಂಗ. ಅಜ್ಞಾತವಾಸಕ್ಕೆ ಹೊರಡುವ ಮುನ್ನ ಪಾಂಡವರು ತಮ್ಮ ಆಯುಧಗಳನ್ನು ಕಟ್ಟಿ, ಊರ ಹೊರಗಿನ ಶಮೀವೃಕ್ಷದ, ಎಂದರೆ ಬನ್ನಿಮರದ ಮೇಲೆ, ನೋಡಿದವರು ಹೆಣವೆಂದು ತಿಳಿದು ದೂರ ಸರಿಯುವಂತೆ ಬಚ್ಚಿಟ್ಟರಷ್ಟೆ. ಅದೊಂದು ಬೀಗವೇ ಅಲ್ಲವೆ? ಜಗತ್ತಿನ ಶ್ರೇಷ್ಠ ಬಿಲ್ಲುಗಾರನು ತನ್ನ ಬಿಲ್ಲನ್ನು ಗೂಟಕ್ಕೆ ತೂಗುಹಾಕಲಿಲ್ಲ. ಅಂತಃಪುರದ ಹೆಂಗಸರ ಮುಂದೆ ಪೌರುಷವನ್ನು ಕೊಚ್ಚಿಕೊಂಡು, ಶತ್ರುಸೇನೆಯನ್ನು ಕಂಡೊಡನೆ ಓಡಿದ ಹುಡುಗನನ್ನು ಹಿಡಿದು ತಂದು ಅರ್ಜುನನು ಆ ಮರವನ್ನು ಹತ್ತಿಸುತ್ತಾನೆ. ಹುಡುಗನು ಮುಟ್ಟಲು ಅಂಜುತ್ತಾನೆ. ಗುರುವು ಕೆಳಗೆ ನಿಂತು ಧೈರ್ಯ ಹೇಳುತ್ತಾನೆ. ಕಟ್ಟು ಬಿಚ್ಚಿದ ಮೇಲೆ ಒಂದೊಂದು ಆಯುಧವನ್ನೂ ತೋರಿಸಿ ಇದು ಯಾರದು, ಇದು ಯಾರದು ಎಂದು ಹುಡುಗನು ಕೇಳುತ್ತಾನೆ. ಒಂದೊಂದರ ಒಡೆಯನನ್ನೂ ಅರ್ಜುನನು ಸಾವಧಾನವಾಗಿ ಹೇಳುತ್ತಾನೆ. ಶತ್ರುಗಳು ಗೋವುಗಳನ್ನು ಅಟ್ಟಿಕೊಂಡು ಹೋಗುತ್ತಿರುವ ಹೊತ್ತಿನಲ್ಲಿ ಅಷ್ಟು ನಿಧಾನವಾಗಿ ಪಾಠ ನಡೆಯುತ್ತದೆ! ಪಾಠ ಮುಗಿದ ಮೇಲೂ ಹುಡುಗನ ಕೈಗೆ ಬಿಲ್ಲು ಬರುವುದಿಲ್ಲ, ಕುದುರೆಗಳ ಲಗಾಮು ಬರುತ್ತದೆ. ಯುದ್ಧವನ್ನು ಗೆದ್ದ ಬಳಿಕ ಇಬ್ಬರೂ ಅದೇ ಮರದ ಬಳಿಗೆ ಮರಳಿ, ಆಯುಧಗಳನ್ನು ಮೊದಲಿದ್ದಲ್ಲಿಯೇ ಇಟ್ಟು ಊರಿಗೆ ಬರುತ್ತಾರೆ. ಕೊಚ್ಚಿಕೊಳ್ಳುವವನಿಂದ ಅರಿತವನಾಗುವ ತನಕ ಒಬ್ಬ ಹುಡುಗನು ನಡೆದ ದಾರಿಯೆಲ್ಲ ಇಲ್ಲಿದೆ. ಆ ದಾರಿಯ ಕೊನೆಯ ಹೆಜ್ಜೆಯು ಆಯುಧವನ್ನು ಮರಳಿ ಇಡುವುದು.

ನಮ್ಮ ರಾಜ್ಯದ ಇನ್ನೊಂದು ತುದಿಯಲ್ಲಿ, ಕೊಡಗಿನಲ್ಲಿ, ಈ ಸಂಸ್ಕಾರ ಇಂದಿಗೂ ಜೀವಂತವಾಗಿದೆ. ಅಲ್ಲಿ ಗಂಡುಮಗು ಹುಟ್ಟಿದಾಗ ಒಂದು ಗುಂಡು ಹಾರಿಸುವುದೂ, ಔಡಲ ಕಡ್ಡಿಯ ಪುಟ್ಟ ಬಿಲ್ಲುಬಾಣವನ್ನು ಕೂಸಿನ ಕೈಗೆ ಮುಟ್ಟಿಸುವುದೂ ಪದ್ಧತಿ. ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯ ಮೇರೆಗೆ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೆಲವು ಬಗೆಯ ಬಂದೂಕುಗಳಿಗೆ ಲೈಸೆನ್ಸು ಬೇಕಿಲ್ಲ. 2019ರಲ್ಲಿ ಕೇಂದ್ರ ಸರ್ಕಾರವು ಅದನ್ನು 2029ರವರೆಗೆ ಮುಂದುವರಿಸಿತು. ದೂರದಿಂದ ಕೇಳುವವರಿಗೆ ಇದು ಬಂದೂಕಿನ ಮೇಲಿನ ಮೋಹವೆನಿಸೀತು. ಆದರೆ ಅವರ ಕೈಲ್ ಪೊಳ್ದ್ ಹಬ್ಬದ ಮರ್ಮವನ್ನು ನೋಡಿರಿ: ಭತ್ತದ ನಾಟಿಯ ದಿನಗಳಲ್ಲಿ ಆಯುಧಗಳನ್ನೆಲ್ಲ ದೇವರ ಕೋಣೆಯಲ್ಲಿ ಇಟ್ಟುಬಿಟ್ಟು, ನಾಟಿ ಮುಗಿದ ಮೇಲೆ, ಸೆಪ್ಟೆಂಬರಿನ ಸುಮಾರಿಗೆ, ಹೊರತೆಗೆದು, ತೊಳೆದು, ತೋಕ್ ಪೂ ಎಂಬ ಹೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ, ಬಳಿಕ ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ, ಊರ ಹಿರಿಯರ ಕಣ್ಣೆದುರಿನಲ್ಲಿ. ಕೆಲಸದ ಕಾಲದಲ್ಲಿ ಕೋವಿ ಮೂಲೆ ಸೇರಬೇಕೆಂಬುದನ್ನು ಅಲ್ಲಿಯ ಮಗುವು ನೋಡಿ ಕಲಿಯುತ್ತದೆ. ಚುನಾವಣೆ ಬಂದಾಗ ಲೈಸೆನ್ಸುದಾರರು ತಮ್ಮ ಬಂದೂಕುಗಳನ್ನು ಠಾಣೆಗೆ ಒಪ್ಪಿಸುವ ಪದ್ಧತಿ ನಮ್ಮ ಕಡೆಯೂ ಉಂಟು. ಅದನ್ನು ಗೊಣಗುತ್ತ ಮಾಡುವುದರ ಬದಲು, ಮನೆಯ ಮಕ್ಕಳಿಗೆ ಕಾರಣವನ್ನು ತಿಳಿಯಹೇಳಿ ಮಾಡಿದರೆ ನಮಗೂ ಒಂದು ಕೈಲ್ ಪೊಳ್ದ್ ದೊರೆತಂತಾಗುತ್ತದೆ.

ಕಾನೂನಿನ ಮಾತನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. 1959ರ ಆಯುಧ ಅಧಿನಿಯಮವು ಬಂದೂಕು ಹೊಂದಲು ಮೊದಲು 16 ವರ್ಷದ ಮಿತಿಯನ್ನು ಇಟ್ಟಿತ್ತು. 1983ರ ತಿದ್ದುಪಡಿಯು ಅದನ್ನು 21ಕ್ಕೆ ಏರಿಸಿತು. ಅದಕ್ಕಿಂತ ಎಳೆಯರು ನಿಯಮಗಳಲ್ಲಿ ಹೇಳಿದ ವಯಸ್ಸು ತುಂಬಿದ ಮೇಲೆ, ತರಬೇತಿಯ ಕಾಲದಲ್ಲಿ, ನಿಯಮಗಳಲ್ಲಿ ಹೇಳಿದ ಷರತ್ತುಗಳಿಗೆ ಒಳಪಟ್ಟು ಮಾತ್ರ ಬಂದೂಕನ್ನು ಬಳಸಬಹುದು. ಎಂದರೆ ನಮ್ಮ ಶಾಸನದ ದೃಷ್ಟಿಯಲ್ಲಿ ಮಗುವು ಬಂದೂಕಿನ ಒಡೆಯನಲ್ಲ, ವಿದ್ಯಾರ್ಥಿ. ಮದುವೆ ಮೆರವಣಿಗೆಗಳಲ್ಲಿ ಆನಂದಕ್ಕೆಂದು ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತರುವುದು 2019ರ ತಿದ್ದುಪಡಿಯಿಂದ 2 ವರ್ಷದವರೆಗಿನ ಸೆರೆವಾಸಕ್ಕೆ ಅಥವಾ 1 ಲಕ್ಷ ರೂಪಾಯಿಯವರೆಗಿನ ದಂಡಕ್ಕೆ ಅಥವಾ ಎರಡಕ್ಕೂ ಗುರಿಯಾದ ಅಪರಾಧ. ಆಕಾಶಕ್ಕೆ ಹೋದ ಗುಂಡು ಆಕಾಶದಲ್ಲಿಯೇ ನಿಲ್ಲುವುದಿಲ್ಲವೆಂಬುದನ್ನು ಮೆರವಣಿಗೆಯ ಮುಂದೆ ಕುಣಿಯುವ ಹುಡುಗರಿಗೆ ಹೇಳುವವರು ಬೇಕು.

ಸಾಮಾನ್ಯರ ಮಕ್ಕಳಿಗೆ ಈ ವಿದ್ಯೆಯ ಹೆಬ್ಬಾಗಿಲೆಂದರೆ ಎನ್.ಸಿ.ಸಿ. ಹೃದಯನಾಥ ಕುಂಜ್ರು ಸಮಿತಿಯ ಶಿಫಾರಸಿನ ಮೇರೆಗೆ 1948ರಲ್ಲಿ ಶಾಸನಬದ್ಧವಾಗಿ ಹುಟ್ಟಿದ ಈ ಸಂಸ್ಥೆಯಲ್ಲಿ ಪ್ರೌಢಶಾಲೆಯ ಹುಡುಗ ಹುಡುಗಿಯರು ಪಾಯಿಂಟ್ ಟೂ ಟೂ ರೈಫಲ್ಲನ್ನು ಹಿಡಿಯುತ್ತಾರೆ. ಆದರೆ ಹಾರಿಸುವ ಭಾಗ್ಯಕ್ಕೆ ಮೊದಲು ಎಷ್ಟು ಪಾಠಗಳು! ಭಾಗಗಳ ಹೆಸರು, ಬಿಚ್ಚುವುದು, ಒರೆಸುವುದು, ಜೋಡಿಸುವುದು, ನೆಲದ ಮೇಲೆ ಬೋರಲು ಮಲಗುವ ಭಂಗಿ, ಉಸಿರನ್ನು ಹಿಡಿಯುವ ಕ್ರಮ. ಇವೆಲ್ಲ ಮುಗಿದ ಮೇಲೆ ಒಂದು ದಿನ, ಕೆಂಪು ಬಾವುಟ ಹಾರುವ ರೇಂಜಿನಲ್ಲಿ, 25 ಮೀಟರಿನ ಗುರಿಯ ಮುಂದೆ, ಎಣಿಸಿ ಕೊಟ್ಟ ಕೆಲವು ಗುಂಡುಗಳು. ದಖ್ಖನಿ ಬಲ್ಲ ನಮ್ಮ ಮಕ್ಕಳಿಗೆ ಅಲ್ಲಿಯ ಹಿಂದಿ ಆಜ್ಞೆಗಳು ಅಪರಿಚಿತವಲ್ಲ: "ಭರ್" ಎಂದಾಗ ತುಂಬಬೇಕು, "ಖಾಲಿ ಕರ್" ಎಂದಾಗ ಬರಿದು ಮಾಡಬೇಕು, "ಜಾಂಚ್ ಶಸ್ತ್ರ" ಎಂದಾಗ ಬೋಲ್ಟು ತೆರೆದು, ಒಳಗೇನೂ ಇಲ್ಲವೆಂಬುದನ್ನು ಮತ್ತೊಬ್ಬರ ಕಣ್ಣಿಗೆ ತೋರಿಸಬೇಕು. ಈ ಕೊನೆಯ ಆಜ್ಞೆಯೇ ನನ್ನ ಮಾವನ ಗಜ. ಮಕ್ಕಳಿಗೆ ಬಂದೂಕನ್ನು ಕಲಿಸುವವರು ಈ ಮೂರನ್ನೂ ಹಿಂದುಮುಂದು ಮಾಡಿ, ಮೊದಲು ಜಾಂಚ್, ಬಳಿಕ ಖಾಲಿ, ಎಲ್ಲಕ್ಕಿಂತ ಕಡೆಗೆ ಭರ್ ಎಂಬ ಅನುಕ್ರಮದಲ್ಲಿ ಕಲಿಸಬೇಕೆಂಬುದೇ ಈ ಉಪನ್ಯಾಸದ ಸಾರ. ಹಾರಿಸಲು ಕಲಿಯುವುದಕ್ಕೆ ಒಂದು ಬೆರಳು ಸಾಕು, ಕೆಳಗಿಡಲು ಕಲಿಯುವುದಕ್ಕೆ ಒಂದು ಮನಸ್ಸು ಬೇಕು.

ಈ ಅನುಕ್ರಮದೊಳಗೆ ಅಡಗಿರುವ ವಿಧಿಗಳು ಕೆಲವೇ. ಪ್ರತಿಯೊಂದು ಬಂದೂಕನ್ನೂ ತುಂಬಿದ ಬಂದೂಕೆಂದೇ ಭಾವಿಸುವುದು ಒಂದು; ಮೂತಿಯನ್ನು, ಅದು ಮರದ ಆಟಿಕೆಯದಾದರೂ ಸರಿಯೆ, ಮನುಷ್ಯರ ಕಡೆಗೆ ತಿರುಗಿಸದಿರುವುದು ಎರಡು; ಗುರಿಯಿಟ್ಟು ನಿಶ್ಚಯಿಸುವ ತನಕ ಬೆರಳನ್ನು ಟ್ರಿಗರಿನ ಹೊರಗೆ ನೀಳವಾಗಿ ಇಟ್ಟುಕೊಂಡಿರುವುದು ಮೂರು. ನಾಲ್ಕನೆಯದನ್ನು ಹೇಳುವಾಗ ದ್ರೋಣಾಚಾರ್ಯರ ಕ್ಷಮೆಯನ್ನು ಕೇಳಬೇಕಾಗುತ್ತದೆ. ಮರದ ಮೇಲಿನ ಹಕ್ಕಿಯನ್ನು ತೋರಿಸಿ ಏನು ಕಾಣಿಸುತ್ತದೆಂದು ಅವರು ಕೇಳಿದಾಗ, ಮರವೂ ಕಾಣಿಸುತ್ತದೆ, ನೀವೂ ಕಾಣಿಸುತ್ತೀರಿ, ತಮ್ಮಂದಿರೂ ಕಾಣಿಸುತ್ತಾರೆ ಎಂದ ಧರ್ಮರಾಯನು ಅನುತ್ತೀರ್ಣನಾದನು. ರೇಂಜಿನ ಅಧಿಕಾರಿಯು ಪರೀಕ್ಷಕನಾಗಿದ್ದಿದ್ದರೆ ಮೊದಲ ದರ್ಜೆ ಧರ್ಮರಾಯನಿಗೇ ಸಲ್ಲುತ್ತಿತ್ತು. ಏಕೆಂದರೆ ಆ ಸಣ್ಣ ಪಾಯಿಂಟ್ ಟೂ ಟೂ ಗುಂಡು ಕೂಡ ತಡೆಯಿಲ್ಲದಿದ್ದರೆ ಸುಮಾರು ಒಂದೂವರೆ ಕಿಲೋಮೀಟರು ಹೋಗಬಲ್ಲುದು. ಗುರಿಯ ಹಿಂದೆ ಯಾರಿದ್ದಾರೆ, ಪಕ್ಕದಲ್ಲಿ ಯಾರಿದ್ದಾರೆ ಎಂಬುದನ್ನು ನೋಡದವನು ಹಕ್ಕಿಯ ಕಣ್ಣನ್ನೂ ನೋಡಲು ಅರ್ಹನಲ್ಲ. ಇನ್ನುಳಿದವು ಸಣ್ಣ ಮಾತುಗಳು: ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ಛರ್ರೆಯನ್ನು ಬಾಯಲ್ಲಿ ಕಚ್ಚಿಕೊಳ್ಳದಿರುವುದು, ಸೀಸ ಮುಟ್ಟಿದ ಕೈಯನ್ನು ಊಟಕ್ಕೆ ಮೊದಲು ತೊಳೆಯುವುದು.

ಇಷ್ಟನ್ನೂ ಮಕ್ಕಳಿಗೆ ಕಲಿಸಿದರೆ ನಮ್ಮ ಹೊಣೆ ತೀರಿತೆ? ತೀರಲಿಲ್ಲ. 2001ರಲ್ಲಿ ಪ್ರಕಟವಾದ ಅಮೆರಿಕೆಯ ಒಂದು ಅಧ್ಯಯನದಲ್ಲಿ 8ರಿಂದ 12 ವರ್ಷದ ಹುಡುಗರನ್ನು ಒಂದು ಕೋಣೆಯಲ್ಲಿ ಬಿಟ್ಟು, ಹಾರಲಾರದಂತೆ ಮಾಡಿದ ನಿಜವಾದ ಪಿಸ್ತೂಲೊಂದನ್ನು ಡ್ರಾಯರಿನಲ್ಲಿ ಇಟ್ಟಿದ್ದರು. ಕಂಡ ಹುಡುಗರಲ್ಲಿ ಹೆಚ್ಚಿನವರು ಅದನ್ನು ಕೈಗೆತ್ತಿಕೊಂಡರು, ಕೆಲವರು ಟ್ರಿಗರನ್ನೂ ಎಳೆದರು. ಎತ್ತಿಕೊಂಡವರಲ್ಲಿ ಬಹುಪಾಲು ಹುಡುಗರು ಬಂದೂಕಿನ ಸುರಕ್ಷತೆಯ ಪಾಠವನ್ನು ಮೊದಲೇ ಕೇಳಿದ್ದವರು! ಬಂದೂಕುಗಳು ಮನೆಮನೆಯಲ್ಲಿ ಇರುವ ಆ ದೇಶದಲ್ಲಿ 2020ರಿಂದೀಚೆಗೆ ಮಕ್ಕಳ ಮತ್ತು ಹದಿಹರೆಯದವರ ಮರಣಕ್ಕೆ ಮೊದಲ ಕಾರಣವೇ ಬಂದೂಕಾಗಿದೆ. ಮಗುವಿನ ವಿವೇಕವನ್ನು ನಂಬಿ ಪೆಟ್ಟಿಗೆಯನ್ನು ತೆರೆದಿಡುವುದು, ಈಜು ಕಲಿತ ಮಗುವೆಂದು ಬಾವಿಯ ಕಟ್ಟೆಯನ್ನು ಒಡೆಸಿದಂತೆ. ಬಂದೂಕಿಗೊಂದು ಬೀಗ, ತೋಟಾಗಳಿಗೆ ಬೇರೆ ಕೋಣೆಯಲ್ಲಿ ಬೇರೊಂದು ಬೀಗ, ಎರಡರ ಬೀಗದಕೈಯೂ ಒಬ್ಬ ದೊಡ್ಡವನ ಸೊಂಟದಲ್ಲಿ. ಮಗುವಿಗೆ ಎಲ್ಲಿಯಾದರೂ ಬಂದೂಕು ಕಾಣಿಸಿದರೆ ಮುಟ್ಟದೆ, ಗೆಳೆಯರನ್ನೂ ಮುಟ್ಟಗೊಡದೆ, ಹೊರಗೆ ಬಂದು ಹಿರಿಯರಿಗೆ ಹೇಳುವ ಅಭ್ಯಾಸ. ಬಂದೂಕಿಲ್ಲದ ಮನೆಯ ಮಗುವಿಗೂ ಈ ಅಭ್ಯಾಸ ಬೇಕು. ಅದು ಬಂದೂಕಿರುವ ಮನೆಗೆ ಆಟಕ್ಕೆ ಹೋಗುತ್ತದೆ.

ಇದನ್ನೆಲ್ಲ ಕೇಳಿ, ಇಷ್ಟು ಭಯವಿದ್ದರೆ ಮಕ್ಕಳನ್ನು ಇದರ ಹತ್ತಿರವೇ ಬಿಡಬಾರದೆಂದು ಯಾರಾದರೂ ಭಾವಿಸಿದರೆ ಅದು ನನ್ನ ಅಭಿಪ್ರಾಯವಲ್ಲ. ಗುರಿವಿದ್ಯೆಯು ಏಕಾಗ್ರತೆಯ ವಿದ್ಯೆ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನದ ಪದಕ ಗೆದ್ದ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ಬಿಂದುವಿನ ವ್ಯಾಸ ಕೇವಲ ಅರ್ಧ ಮಿಲಿಮೀಟರು. ಸಾಸಿವೆಕಾಳಿಗಿಂತ ಚಿಕ್ಕದಾದ ಆ ಬಿಂದುವನ್ನು ಮುಟ್ಟಬೇಕಾದರೆ ತನ್ನ ಎದೆಯ ಬಡಿತವನ್ನೂ ತಾನು ಅರಿತಿರಬೇಕು. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದ ದಿವ್ಯಾ ಟಿ.ಎಸ್. ನಮ್ಮ ಕರ್ನಾಟಕದವರೇ. ಹೆಣ್ಣುಮಕ್ಕಳಿಗೇಕೆ ಎನ್ನುವವರು ಬೀದರಿಗೆ ಸಮೀಪದ ಜನವಾಡಕ್ಕೊಮ್ಮೆ ಹೋಗಿಬರಲಿ. 1705ರ ಮುಕ್ತಸರದ ಕಾಳಗದಲ್ಲಿ ಹೋರಾಡಿದ ಮಾಯಿ ಭಾಗೋ ಎಂಬ ಸಿಖ್ ವೀರಮಾತೆ ತನ್ನ ಕಡೆಯ ದಿನಗಳನ್ನು ಧ್ಯಾನದಲ್ಲಿ ಕಳೆದ ಊರದು. ಆಯುಧವನ್ನು ಹಿಡಿಯಬಲ್ಲವಳಾಗಿದ್ದಂತೆ ಕೆಳಗಿಡಬಲ್ಲವಳೂ ಆಗಿದ್ದಳೆಂಬುದಕ್ಕೆ ಅಲ್ಲಿಯ ಗುರುದ್ವಾರವೇ ಸಾಕ್ಷಿ. ನಮ್ಮ ತಲೆಯ ಮೇಲೆ ದಿನವೂ ಗುಡುಗುತ್ತ ಹೋಗುವ ಬೀದರ್ ವಾಯುನೆಲೆಯ ಹಾಕ್ ವಿಮಾನಗಳನ್ನೂ ನೋಡಿರಿ: ಮುಂದಿನ ಪೀಠದಲ್ಲಿ ಕಲಿಯುವ ತರುಣ, ಹಿಂದಿನ ಪೀಠದಲ್ಲಿ ಕಲಿಸುವ ಗುರು, ಇಬ್ಬರ ಕೈಗೂ ಒಂದೊಂದು ಹಿಡಿಕೆ. ವಿಮಾನ ಬಿದ್ದರೆ ಇಬ್ಬರೂ ಬೀಳುತ್ತಾರೆಂಬ ಅರಿವಿನಿಂದ ಕಲಿಸುವವನೇ ಗುರು.

ಮಹನೀಯರೆ, ದಸರೆಯ ಸಂಜೆ ನಾವು ಬನ್ನಿಯ ಮರಕ್ಕೆ ಹೋಗಿ, ಎಲೆಗಳನ್ನು ತಂದು, ಹಿರಿಯರ ಕಾಲಿಗೆರಗಿ, "ಬನ್ನಿ ತಗೊಂಡು ಬಂಗಾರದ್ಹಂಗ ಇರೋಣ" ಎನ್ನುತ್ತೇವೆ. ಆ ಮರವು ಆಯುಧಗಳನ್ನು ಕಾದ ಮರವೆಂಬುದನ್ನು ಮರೆತು ಎಲೆಯನ್ನಷ್ಟೇ ಹಂಚಿಕೊಳ್ಳುತ್ತ ಬಂದಿದ್ದೇವೆ. ಈ ಸಲ ಬನ್ನಿ ಕೊಟ್ಟು ಮನೆಗೆ ಮರಳಿದ ಮೇಲೆ, ಆಯುಧಪೂಜೆಗೆಂದು ಹೊರತೆಗೆದು ಕುಂಕುಮವಿಟ್ಟ ಬಂದೂಕು ಯಾರ ಮನೆಯಲ್ಲಿದೆಯೋ ಅವರು ಮಕ್ಕಳನ್ನು ಹತ್ತಿರ ಕರೆದು, ಅದು ಖಾಲಿಯೆಂಬುದನ್ನು ಬಾಯಿಂದ ಹೇಳದೆ ಕಣ್ಣಿಗೆ ತೋರಿಸಿ, ಅವರ ಎದುರಿಗೇ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಿ. ಹಾಕಿದ ಬೀಗವನ್ನು ಒಮ್ಮೆ ಜಗ್ಗಿ ನೋಡಲಿ. ಆ ಜಗ್ಗಿದ ಸಪ್ಪಳವನ್ನು ಕೇಳಿ ಬೆಳೆದ ಮಗುವು ಜಾತ್ರೆಯ ಅಂಗಡಿಯ ಮುಂದೆ ಬಂದೂಕು ಹಿಡಿದು ತಿರುಗಲಾರದು.